ತಜ್ಞಸಾಕ್ಷಿಯ ಧರ್ಮ

ನ್ಯಾಯಸ್ಥಾನದಲ್ಲಿ ಸಾಕ್ಷಿಗಳು ಎರಡು ವಿಧ. ತಾನು ಕಣ್ಣಾರೆ ಕಂಡುದನ್ನು ಹೇಳುವವನು ಒಬ್ಬನು. ತಾನು ಕಾಣದಿದ್ದರೂ ತನ್ನ ಶಾಸ್ತ್ರದ ಬಲದಿಂದ ಊಹಿಸಿ ಹೇಳುವವನು ಮತ್ತೊಬ್ಬನು. ಮೊದಲನೆಯವನಿಗೆ ಪ್ರತ್ಯಕ್ಷವು ಆಧಾರ, ಎರಡನೆಯವನಿಗೆ ಅನುಮಾನವು ಆಧಾರ. ಈ ಎರಡನೆಯವನೇ ತಜ್ಞಸಾಕ್ಷಿ. ಸೇತುವೆ, ಅಣೆಕಟ್ಟು, ದೊಡ್ಡ ಕಟ್ಟಡ ಮೊದಲಾದವುಗಳ ಗುತ್ತಿಗೆಯಲ್ಲಿ ವ್ಯಾಜ್ಯ ಹುಟ್ಟಿದಾಗ, ಕೆಲಸವು ತಡವಾದುದಕ್ಕೆ ಕಾರಣರಾರು, ಅದರಿಂದಾದ ನಷ್ಟವೆಷ್ಟು ಎಂಬುದನ್ನು ಗುಣಿಸಿ ಹೇಳುವುದನ್ನೇ ವೃತ್ತಿಯಾಗಿ ಉಳ್ಳವರು ಇಂದು ಅನೇಕರಿದ್ದಾರೆ. ಇವರಿಗೆ ಸಂಭಾವನೆ ಕೊಡುವವನು ಸಾಮಾನ್ಯವಾಗಿ ವಾದಿಯೋ ಪ್ರತಿವಾದಿಯೋ ಆಗಿರುತ್ತಾನೆ. ಹೀಗಿರಲಾಗಿ, ಒಬ್ಬನ ಹಣವನ್ನು ಪಡೆದು ಇಬ್ಬರಿಗೂ ಸಮವಾದ ಸತ್ಯವನ್ನು ನುಡಿಯುವುದು ಸಾಧ್ಯವೇ? ಸಾಧ್ಯವಾದರೆ ಅದರ ನಿಯಮವೇನು?

ಬಲ್ಲವರನ್ನು ಕೇಳುವ ಪದ್ಧತಿ ನಮ್ಮವರಿಗೆ ಹೊಸದಲ್ಲ. ಸಮುದ್ರಯಾನದ ಸಾಲಕ್ಕೆ ಬಡ್ಡಿಯನ್ನು ಆ ಯಾನವನ್ನೂ ದೇಶಕಾಲಗಳನ್ನೂ ತಿಳಿದವರೇ ಗೊತ್ತುಮಾಡತಕ್ಕದ್ದೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವು ಹೇಳುತ್ತದೆ. ಎಲ್ಲೆಯ ವಿವಾದದಲ್ಲಿ ನೆರೆಯವರು ಸಾಕ್ಷಿಗೆ ದೊರೆಯದಿದ್ದರೆ ಬೇಟೆಗಾರರು, ದನಗಾಹಿಗಳು, ಬೆಸ್ತರು, ಹಾವು ಹಿಡಿಯುವವರು ಮುಂತಾದವರನ್ನು ವಿಚಾರಿಸಬೇಕೆಂದೂ ಅಲ್ಲಿದೆ. ಇವರು ನೆಲವನ್ನು ಬಲ್ಲವರು. ಆದರೆ ಆ ನೆಲದಲ್ಲಿ ಪಾಲಿಲ್ಲದವರು. ತಿಳಿವು ಮತ್ತು ನಿರ್ಲಿಪ್ತತೆ, ಎರಡೂ ಒಂದೆಡೆ ಕೂಡಿರುವುದೇ ಇಲ್ಲಿಯ ಸ್ವಾರಸ್ಯ.

ಇಂಗ್ಲೆಂಡಿನ ನ್ಯಾಯಪದ್ಧತಿಯಲ್ಲಿ ಈ ವಿಷಯಕ್ಕೆ ಪ್ರಸಿದ್ಧವಾದ ತೀರ್ಪು ೧೭೮೨ರದು. ನಾರ್ಫೋಕ್ ಪ್ರಾಂತದ ವೆಲ್ಸ್ ಬಂದರು ಹೂಳಿನಿಂದ ಕೆಡುತ್ತಿರಲು, ಭೂಮಾಲಿಕನೊಬ್ಬನ ಒಡ್ಡೇ ಅದಕ್ಕೆ ಕಾರಣವೆಂದು ವ್ಯಾಜ್ಯವಾಯಿತು. ಎಡಿಸ್ಟನ್ ದೀಪಸ್ತಂಭವನ್ನು ಕಟ್ಟಿ ಹೆಸರಾದ ಜಾನ್ ಸ್ಮೀಟನ್ ಎಂಬ ಎಂಜಿನಿಯರನು ಒಡ್ಡು ಕಾರಣವಲ್ಲವೆಂದನು. ಇದು ಕಂಡ ಸಂಗತಿಯಲ್ಲ, ಬರಿಯ ಅಭಿಪ್ರಾಯವೆಂಬ ಆಕ್ಷೇಪವು ಬಂದಾಗ, ಶಾಸ್ತ್ರವಿಷಯದಲ್ಲಿ ಶಾಸ್ತ್ರಜ್ಞನ ಅಭಿಪ್ರಾಯವು ಗ್ರಾಹ್ಯವೆಂದು ಲಾರ್ಡ್ ಮ್ಯಾನ್ಸ್‌ಫೀಲ್ಡನು ತೀರ್ಮಾನಿಸಿದನು. ನಮ್ಮಲ್ಲಿ ೧೮೭೨ರ ಸಾಕ್ಷ್ಯಶಾಸನದ ೪೫ನೆಯ ಪ್ರಕರಣವು ಇದನ್ನೇ ವಿಧಿಸಿತ್ತು. ೨೦೨೪ರ ಜುಲೈ ೧ರಿಂದ ಅದರ ಸ್ಥಾನದಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ೩೯ನೆಯ ಪ್ರಕರಣವು ಇದನ್ನು ಮುಂದುವರಿಸಿದೆ. ಸ್ಮೀಟನ್ನನನ್ನು ಕರೆಸಿದವನು ಆ ಭೂಮಾಲಿಕನೇ ಎಂಬುದನ್ನು ಮರೆಯತಕ್ಕದ್ದಲ್ಲ. ಪಕ್ಷದಿಂದ ಬಂದ ತಜ್ಞನೆಂಬ ತೊಡಕು ಆಗಲೇ ಇತ್ತು.

ಈ ತೊಡಕಿನ ಬಗೆಯನ್ನು ಒಂದು ಲೆಕ್ಕದಿಂದ ತಿಳಿಯಬಹುದು. ೧೦ ಕೋಟಿ ರೂಪಾಯಿಗಳ ಕಟ್ಟಡವನ್ನು ೨೦ ತಿಂಗಳಲ್ಲಿ ಮುಗಿಸಲು ಒಪ್ಪಂದವಾಯಿತೆಂದು ಇಟ್ಟುಕೊಳ್ಳೋಣ. ನಿವೇಶನವನ್ನು ತಡವಾಗಿ ಒಪ್ಪಿಸಿದ್ದರಿಂದ ೪ ತಿಂಗಳು ವಿಳಂಬವಾಯಿತೆಂದು ಗುತ್ತಿಗೆದಾರನು ಪರಿಹಾರ ಕೇಳುತ್ತಾನೆ. ಹಡ್ಸನ್ ಸೂತ್ರವೆಂಬ ಪ್ರಸಿದ್ಧ ಸೂತ್ರದಂತೆ, ಕಚೇರಿಯ ವೆಚ್ಚವೂ ಲಾಭವೂ ಸೇರಿ ನೂರಕ್ಕೆ ೧೦ ಎಂದು ಒಪ್ಪಂದದಲ್ಲಿದ್ದರೆ, ಒಟ್ಟು ೧ ಕೋಟಿ. ತಿಂಗಳಿಗೆ ೫ ಲಕ್ಷ. ೪ ತಿಂಗಳಿಗೆ ೨೦ ಲಕ್ಷ. ಗುಣಾಕಾರ ಭಾಗಾಕಾರಗಳಲ್ಲಿ ತಪ್ಪಿಲ್ಲ. ಆದರೆ ಈ ಸೂತ್ರವು, ತಡವಾಗದಿದ್ದರೆ ಗುತ್ತಿಗೆದಾರನು ಅದೇ ಆಳುಕಾಳುಗಳಿಂದ ಬೇರೆಡೆ ಅಷ್ಟೇ ಗಳಿಸುತ್ತಿದ್ದನೆಂದು ಮೊದಲೇ ಊಹಿಸಿಕೊಂಡಿದೆ. ಅವನಿಗೆ ಬೇರೆ ಕೆಲಸವೇ ಇಲ್ಲದಿದ್ದರೆ? ೪ ತಿಂಗಳಲ್ಲಿ ೨ ತಿಂಗಳ ವಿಳಂಬವು ಅವನ ಸ್ವಂತ ದೋಷದಿಂದಲೇ ಆಗಿದ್ದರೆ? ಯಾವ ಸೂತ್ರವನ್ನು ಹಿಡಿಯಬೇಕೆಂಬುದು ಮಧ್ಯಸ್ಥನ ವಿವೇಚನೆಗೆ ಸೇರಿದುದೆಂದು ನಮ್ಮ ಸುಪ್ರೀಂ ಕೋರ್ಟು ೨೦೦೬ರಲ್ಲಿ ಮ್ಯಾಕ್‌ಡರ್ಮಟ್ ವ್ಯಾಜ್ಯದಲ್ಲಿ ತಿಳಿಸಿದೆ. ೧೮೭೨ರ ಒಪ್ಪಂದಗಳ ಶಾಸನದ ೭೩ನೆಯ ಪ್ರಕರಣವಾದರೋ, ಸಹಜವಾಗಿ ಒದಗಿದ ಅಥವಾ ಇಬ್ಬರಿಗೂ ಮೊದಲೇ ತಿಳಿದಿದ್ದ ನಷ್ಟಕ್ಕಲ್ಲದೆ ದೂರದ ನಷ್ಟಕ್ಕೆ ಪರಿಹಾರವನ್ನು ಒಪ್ಪುವುದಿಲ್ಲ. ಆದುದರಿಂದ ಸುಳ್ಳಿನ ಎಡೆಯು ಅಂಕಿಗಳಲ್ಲಿಲ್ಲ. ಅಂಕಿಗಳ ಹಿಂದಿನ ಊಹೆಯಲ್ಲಿದೆ. ತಜ್ಞನು ಒಂದು ಅಸತ್ಯವನ್ನೂ ನುಡಿಯದೆ, ಕೇಳಿದಷ್ಟನ್ನೇ ಹೇಳಿ, ಉಳಿದುದನ್ನು ಮೌನದಲ್ಲಿ ಅಡಗಿಸಿ ಸತ್ಯವನ್ನು ಕೆಡಿಸಬಲ್ಲನು.

ಇಲ್ಲಿ ಪೂರ್ವಪಕ್ಷವು ಹೀಗೆ: ವಕೀಲನೂ ತನ್ನ ಪಕ್ಷವನ್ನೇ ಸಾಧಿಸುತ್ತಾನೆ, ಅದು ಅವನಿಗೆ ದೋಷವಲ್ಲ, ತಜ್ಞನಿಗೆ ಮಾತ್ರ ಏಕೆ ದೋಷ? ಇಬ್ಬರು ತಜ್ಞರು ಎರಡು ಕಡೆಗೆ ಎಳೆದರೆ ಸತ್ಯವು ನಡುವೆ ತಾನೇ ದೊರೆಯುವುದಲ್ಲವೆ?

ಇದಕ್ಕೆ ಸಮಾಧಾನ. ನ್ಯಾಯಶಾಸ್ತ್ರದಲ್ಲಿ ಕಥೆಯು ಮೂರು ವಿಧ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ, ಗೆಲುವಿಗಾಗಿ ನಡೆಯುವುದು ಜಲ್ಪ, ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಖಂಡಿಸುವುದಷ್ಟೇ ವಿತಂಡ. ವಕೀಲನ ಜಲ್ಪವನ್ನು ನ್ಯಾಯಾಧೀಶನು ತಿದ್ದಬಲ್ಲನು. ಕಾನೂನನ್ನು ಅವನೂ ಬಲ್ಲನಷ್ಟೆ. ತಜ್ಞನನ್ನು ಕರೆಸಿದುದೋ, ಆ ವಿಷಯವು ನ್ಯಾಯಾಧೀಶನಿಗೆ ತಿಳಿಯದೆಂದೇ. ತಿಳಿಯದವನು ತಿಳಿದವನನ್ನು ತಿದ್ದುವುದು ಹೇಗೆ? ಕುರುಡನ ಕೈಹಿಡಿದವನು ಹಳ್ಳಕ್ಕೆ ನಡೆಸಿದರೆ ಆ ಪಾಪವು ಕುರುಡನದಲ್ಲ. ಇಬ್ಬರು ತಜ್ಞರು ಎಳೆದಾಡಿದರೆ ದೊರೆಯುವುದು ನಡುದಾರಿಯೇ ಹೊರತು ಸತ್ಯವೆಂಬ ನಿಯಮವಿಲ್ಲ. ೨೦ ಲಕ್ಷಕ್ಕೂ ಸೊನ್ನೆಗೂ ನಡುವೆ ಇರುವ ೧೦ ಲಕ್ಷವು ಯಾವ ಪ್ರಮಾಣದಿಂದ ಸಿದ್ಧ? ಅಲ್ಲದೆ ದೊಡ್ಡ ಸಂಸ್ಥೆಗೆ ಪ್ರತಿಯಾಗಿ ನಿಂತ ಸಣ್ಣ ಗುತ್ತಿಗೆದಾರನಿಗೆ ತಜ್ಞನನ್ನಿಡುವ ಶಕ್ತಿ ಎಲ್ಲಿಯದು? ಅವನು ಸೋತರೆ ಕೂಲಿಯಾಳುಗಳ ಬಾಕಿಯೂ ಅವನೊಡನೆ ಮುಳುಗುತ್ತದೆ.

ಹಾಗೆಂದು ಸಂಭಾವನೆಯೇ ದೋಷವಲ್ಲ. ವೈದ್ಯನೂ ಉಪಾಧ್ಯಾಯನೂ ವೇತನ ಪಡೆಯುವವರೇ. ತಂದೆಯು ಶುಲ್ಕ ಕೊಟ್ಟನೆಂದು ತಪ್ಪುಲೆಕ್ಕಕ್ಕೆ ಅಂಕ ಕೊಡುವ ಉಪಾಧ್ಯಾಯನನ್ನು ಆ ತಂದೆಯೇ ಗೌರವಿಸನು. ಶ್ರಮಕ್ಕೆ ಬೆಲೆ ಪಡೆಯಬಹುದು, ನಿರ್ಣಯಕ್ಕೆ ಪಡೆಯಬಾರದು. ಗೆದ್ದರೆ ಇಷ್ಟು, ಸೋತರೆ ಇಷ್ಟು ಎಂಬ ಕರಾರಿಗೆ ಒಪ್ಪಿದವನು ಸಾಕ್ಷಿಯಲ್ಲ, ಪಾಲುಗಾರ. ಇಂಗ್ಲೆಂಡಿನಲ್ಲಿ ೧೯೯೯ರಲ್ಲಿ ಜಾರಿಗೆ ಬಂದ ವ್ಯವಹಾರನಿಯಮಗಳು, ಹಣ ಕೊಟ್ಟವನಿಗಿಂತ ನ್ಯಾಯಾಲಯಕ್ಕೆ ಸಲ್ಲುವ ಕರ್ತವ್ಯವೇ ತಜ್ಞನಿಗೆ ಮೇಲೆಂದು ವಿಧಿಸಿವೆ. ತಜ್ಞಸಾಕ್ಷಿಯ ಮೇಲೆ ಅವನನ್ನು ನೇಮಿಸಿಕೊಂಡವನು ಅಜಾಗ್ರತೆಗಾಗಿ ದಾವೆ ಹೂಡಬಾರದೆಂಬ ಹಳೆಯ ರಕ್ಷಣೆಯನ್ನು ಅಲ್ಲಿಯ ಸುಪ್ರೀಂ ಕೋರ್ಟು ೨೦೧೧ರಲ್ಲಿ ತೆಗೆದುಹಾಕಿತು. ನಮ್ಮ ೧೯೯೬ರ ಮಧ್ಯಸ್ಥಿಕೆಯ ಶಾಸನದ ೨೬ನೆಯ ಪ್ರಕರಣದಂತೆ ಮಧ್ಯಸ್ಥಮಂಡಲಿಯೇ ತಜ್ಞನನ್ನು ನೇಮಿಸಬಹುದು. ಉಭಯಪಕ್ಷದವರೂ ಅವನನ್ನು ಪ್ರಶ್ನಿಸಬಹುದು. ಇವು ಒಳ್ಳೆಯ ಬೇಲಿಗಳು. ಆದರೆ ಬೇಲಿಯು ಹೊರಗಿನ ದನವನ್ನು ತಡೆದೀತು, ಒಳಗಿನ ಕಳೆಯನ್ನು ತೆಗೆಯದು.

ಒಳಗಿನ ಪರೀಕ್ಷೆ ಒಂದೇ. ಈ ವರದಿಯನ್ನು ಎದುರುಪಕ್ಷದವನು ಬರೆಯಿಸಿದ್ದರೆ ನಾನು ಇದನ್ನೇ ಬರೆಯುತ್ತಿದ್ದೆನೇ ಎಂದು ತಜ್ಞನು ತನ್ನನ್ನು ಕೇಳಿಕೊಳ್ಳಬೇಕು. ಕೇಳಿಕೊಂಡು, ತನ್ನ ಊಹೆಗಳನ್ನೂ, ತನಗೆ ಪ್ರತಿಕೂಲವಾದ ಸಂಗತಿಗಳನ್ನೂ, ಅಭಿಪ್ರಾಯದ ಮೇರೆಯನ್ನೂ ವರದಿಯಲ್ಲೇ ಕಾಣಿಸಬೇಕು. ನಿನ್ನ ಹಕ್ಕು ಇಷ್ಟೇ, ಇದಕ್ಕಿಂತ ಹೆಚ್ಚು ನಿಲ್ಲದು ಎಂದು ವ್ಯಾಜ್ಯಕ್ಕೆ ಮುಂಚೆಯೇ ಯಜಮಾನನಿಗೆ ಹೇಳುವುದು ಅವನ ದ್ರೋಹವಲ್ಲ. ಅವನಿಗೆ ಮಾಡುವ ಪರಮೋಪಕಾರ. ವ್ಯರ್ಥವಾದ ವ್ಯಾಜ್ಯವು ಅಲ್ಲಿಯೇ ನಿಲ್ಲುತ್ತದೆ.

ವಿಷಯವನ್ನು ಇದ್ದಂತೆ ತಿಳಿದು, ತಿಳಿದಂತೆ ತಿಳಿಸಬೇಕೆಂಬ ಇಚ್ಛೆಯುಳ್ಳವನನ್ನು ನೈಯಾಯಿಕರು ಆಪ್ತನೆನ್ನುತ್ತಾರೆ. ತಿಳಿವು ಮಾತ್ರವುಳ್ಳವನು ಪಂಡಿತ. ಇಚ್ಛೆಯೂ ಕೂಡಿದಾಗಲೇ ಅವನ ಮಾತು ಪ್ರಮಾಣ. ತಜ್ಞರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಅವರು ಆಪ್ತರೂ ಆಗಲೆಂಬುದೇ ವಾಚಕರೊಡನೆ ನನ್ನ ಹಾರೈಕೆ.