ಬಣ್ಣ ಕಳಚಿದ ಸ್ವಭಾವ

ಮನುಷ್ಯನ ನಡತೆಗೆ ಮೂಲ ಅವನು ಹೊತ್ತು ಬಂದ ಸ್ವಭಾವವೋ, ಆಯಾ ಗಳಿಗೆಯ ವಿವೇಕವೋ ಎಂಬ ಪ್ರಶ್ನೆ ಗೀತಾಭಾಷ್ಯಗಳಷ್ಟೇ ಹಳೆಯದು. ಪುತ್ತೂರು, ಸುಳ್ಯ, ಕಡಬ ಸೀಮೆಯ ಜನಸಾಮಾನ್ಯರಿಗೆ ಮಾತ್ರ ಅದು ಗ್ರಂಥಗಳಿಗಿಂತ ಯಕ್ಷಗಾನದ ಮೂಲಕವೇ ಹೆಚ್ಚು ಪರಿಚಿತವಾಗಿದೆ ಎನ್ನಬಹುದು.

ತೆಂಕುತಿಟ್ಟಿನ ರಂಗಸ್ಥಳದಲ್ಲಿ ಸ್ವಭಾವವೆಂಬುದು ಕಣ್ಣಿಗೆ ಕಾಣುವ ವಸ್ತು. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳುಮುಳ್ಳಾಗಿ ಇಟ್ಟ ಚುಟ್ಟಿಯೊಡನೆ ಬರುವ ಬಣ್ಣದ ವೇಷವು, ಅಂದರೆ ಮಹಿಷಾಸುರನಂಥ ಅಸುರಪಾತ್ರವು, ಒಂದು ಮಾತನ್ನೂ ಆಡುವ ಮೊದಲೇ ಆರ್ಭಟೆಯಿಂದ ತಾನು ಯಾರೆಂದು ಸಾರುತ್ತದೆ. ಅಭಿಮನ್ಯು, ಬಭ್ರುವಾಹನರಂಥ ತರುಣವೀರರ ಪುಂಡುವೇಷಕ್ಕೆ ಧೀಂಗಿಣವೇ, ಎಂದರೆ ಹಾರಿ ಸುತ್ತುವ ಕುಣಿತವೇ ಲಕ್ಷಣ. ಕಿರೀಟವೇಷದ ಗತ್ತು ಬೇರೆ, ಸ್ತ್ರೀವೇಷದ ಬಳುಕು ಬೇರೆ. ಹಾಸ್ಯಗಾರನೊಬ್ಬ ಮಾತ್ರ ದೂತನಾಗಿ, ಬ್ರಾಹ್ಮಣನಾಗಿ ಒಂದೇ ರಾತ್ರಿಯಲ್ಲಿ ಹಲವು ಜನ್ಮ ಎತ್ತುತ್ತಾನೆ. ಸ್ವಭಾವವಾದಿಗಳು ಅವನಿಗೆ ಇನ್ನೂ ಉತ್ತರ ಕೊಡಬೇಕಾಗಿದೆ.

ಪತ್ತನಾಜೆಗೆ, ಅಂದರೆ ತುಳುವರ ಬೇಷ ತಿಂಗಳ 10ನೆಯ ದಿನಕ್ಕೆ, ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದುದ್ದಕ್ಕೂ ಬಿರುಸಾಗುವ ತಾಳಮದ್ದಳೆಯಲ್ಲಿ ಈ ಗುರುತುಗಳೊಂದೂ ಇರುವುದಿಲ್ಲ. ಭಾಗವತರು ಪದ ಹೇಳಿದ ಬಳಿಕ, ಪಂಚೆ ಶಾಲುಗಳಲ್ಲಿ ಎದುರುಬದುರು ಕುಳಿತ ಅರ್ಥಧಾರಿಗಳು ಆ ಕ್ಷಣವೇ ಮಾತು ಕಟ್ಟಬೇಕು. ರಾವಣನಿಗೂ ವಿಭೀಷಣನಿಗೂ ಅದೇ ಉಡುಪು. ‘ಕರ್ಣಭೇದನ’ದಲ್ಲಿ ಕೃಷ್ಣನಿಂದ ಜನ್ಮರಹಸ್ಯ ತಿಳಿದೂ ಕರ್ಣ ಕೌರವನನ್ನು ಬಿಡುವುದಿಲ್ಲವಷ್ಟೆ; ಅದನ್ನು ಒಬ್ಬರು ಅನ್ನದ ಋಣವೆಂದು ನಿರೂಪಿಸಿದರೆ, ಇನ್ನೊಬ್ಬರು ಸ್ವಾಭಿಮಾನವೆಂದು ಸಾಧಿಸಬಹುದು, ಮತ್ತೊಬ್ಬರು ಬದುಕಿನ ಬಗೆಗಿನ ವಿರಕ್ತಿಯೆಂದೂ ಬಿಡಿಸಬಹುದು. ಸುಳ್ಯ ಸೀಮೆಯ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯ, ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟ ಮೊದಲಾದವರ ಅರ್ಥಕ್ಕೆ ಜನ ನೆರೆಯುತ್ತಿದ್ದುದು ಕತೆ ತಿಳಿಯಲೆಂದಲ್ಲ, ಗೊತ್ತಿರುವ ಪಾತ್ರ ಆ ರಾತ್ರಿ ಯಾರಾಗುತ್ತಾನೆಂದು ಕೇಳಲು.

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ, ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ಆಡುವ ಆಟವನ್ನು ಇದರ ಪಕ್ಕದಲ್ಲಿಟ್ಟರೆ ವಿಷಯ ಸ್ಪಷ್ಟವಾಗುತ್ತದೆ. ಅದು ಮೊದಲಿಗೆ ಯೋಧ, ಮಾಂತ್ರಿಕ, ಪುರೋಹಿತ ಎಂಬ ಮೂರೇ ವರ್ಗಗಳನ್ನು ಕೊಟ್ಟಿತು; ಮಾಂತ್ರಿಕ ಕವಚ ತೊಡುವಂತಿಲ್ಲ, ಪುರೋಹಿತ ಹರಿತವಾದ ಆಯುಧ ಹಿಡಿಯುವಂತಿಲ್ಲ, ಆದರೆ ಕತೆ ಎಲ್ಲಿ ಮುಗಿಯುವುದೆಂಬುದು ಆಟಗಾರರ ಆಯ್ಕೆಗೂ ದಾಳಕ್ಕೂ ಬಿಟ್ಟದ್ದು. ತಾಳಮದ್ದಳೆಯಲ್ಲಿ ಅಂತ್ಯವನ್ನು ಪ್ರಸಂಗಕವಿ ಮೊದಲೇ ಕಟ್ಟಿಹಾಕಿದ್ದಾನೆ, ಸಡಿಲವಿರುವುದು ಒಳಗೆ. ಪ್ರಾರಬ್ಧ, ಎಂದರೆ ಫಲ ಕೊಡಲು ತೊಡಗಿಬಿಟ್ಟ ಹಳೆಯ ಕರ್ಮ, ಜ್ಞಾನಿಗೂ ತಪ್ಪದೆಂಬ ಅದ್ವೈತಿಗಳ ಮಾತಿಗೆ ಇದು ಬಹಳ ಸಮೀಪದ್ದು: ನಡೆಯುವುದು ನಡೆದೇ ತೀರುತ್ತದೆ, ನಡೆದುದರ ಅರ್ಥ ಮಾತ್ರ ಮನುಷ್ಯನ ವಶದಲ್ಲಿದೆ. ಆಡುವ ಮಾತಿಗೇ ‘ಅರ್ಥ’ ಎಂದು ಹೆಸರಿಟ್ಟವರು ಇದನ್ನು ಅರಿತೇ ಇಟ್ಟಿರಬೇಕು.

ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮವೆಂದು ನೆಲಕ್ಕುರುಳಿದ ವಾಲಿ ಕೇಳುತ್ತಾನೆ. ರಾಮನ ಸಮಾಧಾನ ಸಭೆಗೆ ಸಾಲದೆಂದು ತೋರಿದ ರಾತ್ರಿಯೂ ಭಾಗವತರು ಮುಂದಿನ ಪದವನ್ನು ಎತ್ತಿಕೊಳ್ಳುತ್ತಾರೆ, ವಾಲಿಗೆ ಮೋಕ್ಷವಾಗುತ್ತದೆ.