ಓದಿ ಮುಗಿದ ಪುಸ್ತಕ: ಉಪಕರಣವೋ, ಪರಿಗ್ರಹವೋ?

ಪರಿಗ್ರಹವೆಂದೊಡನೆ ಜನರ ಮನಸ್ಸು ಹೊನ್ನು, ಭೂಮಿ, ಧಾನ್ಯ, ದನಕರುಗಳ ಕಡೆಗೆ ಹರಿಯುತ್ತದೆ. ಪರಿಗ್ರಹ ಪರಿಮಾಣ ವ್ರತವನ್ನು ಕೈಕೊಂಡ ಗೃಹಸ್ಥನು ಇವುಗಳಿಗೆಲ್ಲ ಮಿತಿಯನ್ನು ಹಾಕಿಕೊಳ್ಳುತ್ತಾನೆ. ಮನೆಯಲ್ಲಿರುವ ಪುಸ್ತಕಗಳನ್ನು ಎಣಿಸುವವರು ಮಾತ್ರ ವಿರಳ. ಪುಸ್ತಕವು ಜ್ಞಾನದ ಸಾಧನ, ಅದು ಎಷ್ಟಿದ್ದರೂ ದೋಷವಿಲ್ಲ ಎಂಬುದು ಸಾಮಾನ್ಯವಾದ ನಂಬಿಕೆ. ಈ ನಂಬಿಕೆ ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಒಂದು ಸಣ್ಣ ಗೃಹಪ್ರಸಂಗದ ಮೂಲಕ ಪರೀಕ್ಷಿಸುವುದು ಉಚಿತವಾಗಿದೆ.

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ದಾರಿಯಲ್ಲಿ ತೆಕ್ಕಲಕೋಟೆ ಎಂಬ ಪಟ್ಟಣವಿದೆ. ತುಂಗಭದ್ರೆಯ ಕಾಲುವೆ ನೀರಿನಿಂದ ಭತ್ತ ಬೆಳೆಯುವ ಸೀಮೆ ಅದು. ಅಲ್ಲಿಯ ಒಂದು ಸಾಧಾರಣ ಒಕ್ಕಲು ಮನೆಯ ಮಗಳು ಬಳ್ಳಾರಿಯಲ್ಲಿ ನಾಲ್ಕು ವರ್ಷ ಓದಿ, ಬಿ.ಎಸ್ಸಿ. ನರ್ಸಿಂಗ್ ಪದವಿಯನ್ನು ಪಡೆದು ಮನೆಗೆ ಮರಳಿದಳೆಂದು ಭಾವಿಸಬಹುದು. ಅವಳೊಡನೆ ಒಂದು ಟ್ರಂಕಿನ ತುಂಬ ಪುಸ್ತಕಗಳೂ ಬಂದಿವೆ. ಅಂಗರಚನೆ, ಔಷಧಶಾಸ್ತ್ರ, ಪ್ರಸೂತಿ, ಶಿಶುಪಾಲನೆ, ಸಮುದಾಯ ಆರೋಗ್ಯ, ಇವುಗಳ ದಪ್ಪ ಗ್ರಂಥಗಳು. ಕೆಲವನ್ನು ತಂದೆ ಸಾಲ ಮಾಡಿ ಹೊಸದಾಗಿ ಕೊಡಿಸಿದ್ದಾನೆ. ಕೆಲವು ಹಿರಿಯ ವಿದ್ಯಾರ್ಥಿನಿಯರಿಂದ ಅರ್ಧ ಬೆಲೆಗೆ ಬಂದವು.

ಮನೆಯಲ್ಲಿ ಮೂರು ಅಭಿಪ್ರಾಯಗಳು ಹುಟ್ಟುತ್ತವೆ. ತಂದೆಯದು ಲೆಕ್ಕದ ಮಾತು: ಓದು ಮುಗಿಯಿತು, ಮಾರಿದರೆ ಸಾಲದಲ್ಲಿ ಒಂದು ಪಾಲಾದರೂ ತೀರೀತು. ತಾಯಿಯದು ಭಕ್ತಿಯ ಮಾತು: ಅನ್ನ ಕೊಡುವ ವಿದ್ಯೆಯನ್ನು ಮಾರಬಾರದು, ದೇವರ ಕೋಣೆಯ ಪಕ್ಕದಲ್ಲಿಟ್ಟು ವರ್ಷಕ್ಕೊಮ್ಮೆ ಪೂಜಿಸಬೇಕು. ಮಗಳದು ಹೇಳಲಾರದ ಮಾತು. ಪುಟದಂಚಿನಲ್ಲಿ ಪೆನ್ಸಿಲಿನಿಂದ ಬರೆದ ಟಿಪ್ಪಣಿಗಳು, ರಾತ್ರಿ ಪಾಳಿಯಲ್ಲಿ ನಿದ್ದೆಗೆಟ್ಟು ಓದಿದ ಅಧ್ಯಾಯಗಳು ಅವಳ ಬಾಳಿನ ಭಾಗವೇ ಆಗಿವೆ. ಇಷ್ಟರಲ್ಲಿ ಅದೇ ಓಣಿಯ ಇನ್ನೊಬ್ಬ ಹುಡುಗಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ದೊರೆತಿದೆ. ಅವಳ ಮನೆಯಲ್ಲಿ ಶುಲ್ಕ ಕಟ್ಟಿದ ಮೇಲೆ ಪುಸ್ತಕಕ್ಕೆ ಹಣವುಳಿದಿಲ್ಲ. ಟ್ರಂಕು ಮುಚ್ಚಿಯೇ ಇದೆ.

ಇಲ್ಲಿ ಧರ್ಮವು ಯಾರ ಪಕ್ಷದಲ್ಲಿದೆ? ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನಿಂದ ಅಳೆಯಲಿಲ್ಲ. ವಸ್ತುವಿನಲ್ಲಿ ಮೂಡುವ ಮೂರ್ಛೆಯಿಂದ, ಅಂದರೆ ಮಮತ್ವದಿಂದ ಅಳೆದರು. ಸರ್ವಸಂಗವನ್ನೂ ತೊರೆದ ದಿಗಂಬರ ಮುನಿಗೂ ಮೂರು ವಸ್ತುಗಳಿಗೆ ಅವಕಾಶವುಂಟು: ಸಂಯಮಕ್ಕೆ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ. ಇವು ಪರಿಗ್ರಹವೆನಿಸದೆ ಉಪಕರಣವೆನಿಸುವುದಕ್ಕೆ ಕಾರಣವೊಂದೇ. ಅವು ಮಾಡಬೇಕಾದ ಕೆಲಸಕ್ಕಾಗಿ ಕೈಯಲ್ಲಿವೆ, ಕೈಯಲ್ಲಿರಲೆಂಬ ಆಸೆಗಾಗಿ ಅಲ್ಲ. ಹಾಗಾದರೆ ಪುಸ್ತಕವು ಸ್ವಭಾವತಃ ಪವಿತ್ರವೆಂಬ ಮಾತೂ ಸಲ್ಲದು, ಸ್ವಭಾವತಃ ಸರಕೆಂಬ ಮಾತೂ ಸಲ್ಲದು. ಕೆಲಸ ಮಾಡುವವರೆಗೆ ಅದು ಉಪಕರಣ. ಕೆಲಸ ನಿಂತ ಮೇಲೂ ಬಿಡಲಾಗದಿದ್ದರೆ ಅದೇ ಪರಿಗ್ರಹ. ತೆಕ್ಕಲಕೋಟೆಯ ಗುಡ್ಡಗಳಲ್ಲಿ 1960ರ ದಶಕದಲ್ಲಿ ಉತ್ಖನನ ನಡೆಸಿದಾಗ ನವಶಿಲಾಯುಗದ ವಸತಿಗಳ ಕುರುಹುಗಳು ದೊರೆತವು. ಆ ಯುಗದ ಜನರು ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಯೂ ಹಿಡಿಯುವ ಕೈ ಇರುವವರೆಗೆ ಮಾತ್ರ ಕೊಡಲಿಯಾಗಿತ್ತು.

ತಾಯಿಯ ಭಕ್ತಿಯನ್ನು ಹಗುರವಾಗಿ ಕಾಣುವಂತಿಲ್ಲ. ಮೂಡಬಿದಿರೆಯಲ್ಲಿ ಧವಲ, ಜಯಧವಲ, ಮಹಾಧವಲಗಳ ತಾಳೆಗರಿ ಪ್ರತಿಗಳನ್ನು ಶತಮಾನಗಳ ಕಾಲ ಪೂಜಿಸಿ ಕಾಪಾಡಿದ್ದರಿಂದಲೇ ಅವು ಉಳಿದವು. ಆದರೆ ಆ ದೀರ್ಘಕಾಲ ಯಾತ್ರಿಕರಿಗೆ ದೊರೆಯುತ್ತಿದ್ದುದು ದರ್ಶನ ಮಾತ್ರ, ಅಧ್ಯಯನವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಮೊದಲಾಗಿ, 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲದ ಮೊದಲ ಸಂಪುಟ ಅಚ್ಚಾದ ಬಳಿಕವೇ ಅದು ವಿದ್ವಾಂಸರ ಕೈಸೇರಿತು. ಬೇರೆ ಪ್ರತಿಯಿಲ್ಲದ ಗ್ರಂಥವನ್ನು ಕಾಯುವುದು ಪುಣ್ಯ. ಅಂಗಡಿಯಲ್ಲಿ ರಾಶಿಯಾಗಿ ದೊರೆಯುವ ಪಠ್ಯವನ್ನು ಗೆದ್ದಲಿಗೆ ಕಾಯ್ದಿಡುವುದಕ್ಕೆ ಆ ಹೆಸರು ಒಪ್ಪದು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯೂ ಪೊನ್ನನ ಶಾಂತಿಪುರಾಣದ ಒಂದು ಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ತೃಪ್ತಳಾಗಲಿಲ್ಲ. ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು.

ತಂದೆಯ ಮಾತೂ ಅಧರ್ಮವಲ್ಲ. ನ್ಯಾಯವಾದ ಬೆಲೆಗೆ ಮಾರುವುದು ಗೃಹಸ್ಥನಿಗೆ ಸಲ್ಲುವ ವೃತ್ತಿ. ಸಾಲ ತೀರಿಸುವುದು ಅವನ ಕರ್ತವ್ಯ. ಎಲ್ಲವನ್ನೂ ದಾನ ಮಾಡಿ, ಕೊಟ್ಟವನಿಗೆ ಸಾಲ ತಿರುಗಿಸದೆ ಕುಳಿತರೆ ಅದು ಇನ್ನೊಬ್ಬನ ಹಣದಲ್ಲಿ ಮಾಡಿದ ದಾನವಾದೀತು. ಆದರೆ ಈ ಮಾರಾಟದಲ್ಲಿ ಎಚ್ಚರಿಕೆಯೊಂದು ಅವಶ್ಯ. ಅಚೌರ್ಯ ವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೆಂಬುದೊಂದಿದೆ: ಸರಿಯಾದುದರ ಹೆಸರಿನಲ್ಲಿ ಬೇರೊಂದನ್ನು ಕೊಡುವುದು. ಹಾಲಿಗೆ ನೀರು ಬೆರೆಸುವುದಷ್ಟೇ ಪ್ರತಿರೂಪಕವಲ್ಲ. ಹಳೆಯ ಆವೃತ್ತಿಯನ್ನು ಹೊಸದೆಂದು ನಂಬಿಸುವುದೂ ಅದೇ.

ಶುಶ್ರೂಷೆಯ ಗ್ರಂಥದಲ್ಲಿ ಈ ದೋಷ ಹಿಂಸೆಯವರೆಗೆ ಬೆಳೆಯಬಲ್ಲುದು. ಹೃದಯ ನಿಂತ ವಯಸ್ಕನಿಗೆ ಮೊದಲು ಶ್ವಾಸಮಾರ್ಗ, ಬಳಿಕ ಉಸಿರು, ಕೊನೆಗೆ ಎದೆಯನ್ನು ಒತ್ತುವುದು ಎಂಬ ಕ್ರಮವನ್ನು ಹಿಂದೆ ಕಲಿಸುತ್ತಿದ್ದರು. 2010ರಲ್ಲಿ ಅಮೆರಿಕದ ಹೃದ್ರೋಗ ಸಂಸ್ಥೆಯ ಮಾರ್ಗಸೂಚಿ ಈ ಕ್ರಮವನ್ನು ಬದಲಿಸಿ, ಎದೆಯನ್ನು ಒತ್ತುವುದಕ್ಕೆ ಮೊದಲ ಸ್ಥಾನ ಕೊಟ್ಟಿತು. ದಡಾರದ ಒಂಟಿ ಲಸಿಕೆಯಿದ್ದಲ್ಲಿ 2017ರಿಂದ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆ ಬಂದಿತು. 2021ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ಪದವಿಯ ಪಠ್ಯಕ್ರಮವನ್ನೇ ಪರಿಷ್ಕರಿಸಿ, ವಾರ್ಷಿಕ ಪದ್ಧತಿಯನ್ನು ಸೆಮಿಸ್ಟರ್ ಪದ್ಧತಿಗೆ ತಿರುಗಿಸಿತು. ಎಲುಬುಗಳ ಎಣಿಕೆ ಹತ್ತು ವರ್ಷಕ್ಕೆ ಬದಲಾಗದು. ಔಷಧದ ಪ್ರಮಾಣ, ಲಸಿಕೆಯ ಪಟ್ಟಿ, ತುರ್ತು ಚಿಕಿತ್ಸೆಯ ಕ್ರಮ ಬದಲಾಗುತ್ತವೆ. ಹಳತಾದ ಪುಟವನ್ನು ನಂಬಿ ಹೊಸ ದಾದಿ ತಪ್ಪಿದರೆ ನೋವು ರೋಗಿಯದು. ಆದುದರಿಂದ ಮಾರುವುದಾದರೂ, ಕೊಡುವುದಾದರೂ, ಆವೃತ್ತಿಯ ವರ್ಷವನ್ನು ಬಾಯಿಬಿಟ್ಟು ಹೇಳುವುದು ಸತ್ಯವ್ರತದ ಭಾಗ. ಯಾರಿಗೂ ಉಪಯೋಗಕ್ಕೆ ಬಾರದುದನ್ನು ದಾನವೆಂದು ಬಡವರ ಮನೆಗೆ ಸಾಗಿಸುವುದು ತ್ಯಾಗವಲ್ಲ. ತನ್ನ ಮನೆಯ ಕಸವನ್ನು ನೆರೆಮನೆಯಲ್ಲಿ ಚೆಲ್ಲಿದಂತೆ.

ಇನ್ನೊಂದು ಸಂಗತಿ ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ಆ ಟ್ರಂಕಿನಲ್ಲಿ ಅಚ್ಚಾದ ಪುಸ್ತಕಗಳ ನಡುವೆ ಅವಳೇ ಬರೆದ ರೋಗಿಗಳ ಅಧ್ಯಯನದ ಪುಸ್ತಕಗಳಿವೆ. ಅವುಗಳಲ್ಲಿ ಯಾವಳೋ ಬಾಣಂತಿಯ ಹೆಸರು, ಯಾವನೋ ಕೂಲಿಕಾರನ ಕಾಯಿಲೆಯ ವಿವರ ಉಳಿದುಹೋಗಿರಬಹುದು. ಕಿರಿಯರು ನಕಲು ಮಾಡಲೆಂದು ಇವಕ್ಕೂ ಬೆಲೆ ಕಟ್ಟಿ ಕೇಳುವುದುಂಟು. ಇವು ಅವಳ ಸ್ವತ್ತಲ್ಲ. ಅವಳಲ್ಲಿ ನಂಬಿಕೆಯಿಂದ ಇಟ್ಟ ಅನ್ಯರ ನ್ಯಾಸ. ಇವನ್ನು ಮಾರುವಂತಿಲ್ಲ, ದಾನ ಮಾಡುವಂತೆಯೂ ಇಲ್ಲ. ಹೆಸರುಗಳನ್ನು ಅಳಿಸಬೇಕು, ಇಲ್ಲವೆ ಹರಿದು ನಾಶ ಮಾಡಬೇಕು.

ಹೀಗೆ ವಿವೇಚಿಸಿದಾಗ ಇಡಬೇಕೆ, ಮಾರಬೇಕೆ ಎಂಬ ಒಂದು ಪ್ರಶ್ನೆ ಪ್ರತಿಯೊಂದು ಪುಸ್ತಕಕ್ಕೂ ಬೇರೆ ಬೇರೆಯಾಗಿ ನಿಲ್ಲುತ್ತದೆ. ಮುಂದಿನ ನೇಮಕಾತಿ ಪರೀಕ್ಷೆಗೆ ಬೇಕಾದ ಎರಡು ಮೂರು ಗ್ರಂಥಗಳನ್ನು ಅವಳು ಇಟ್ಟುಕೊಳ್ಳಲಿ; ಆದರೆ ಅವಧಿಯನ್ನು ಗೊತ್ತುಮಾಡಿಕೊಂಡು ಇಡಲಿ. ಅವಧಿಯಿಲ್ಲದ ‘ಎಂದಾದರೂ ಬೇಕಾದೀತು’ ಎಂಬ ಮಾತೇ ಮೂರ್ಛೆಯ ಮೊದಲ ಲಕ್ಷಣ. ಬೆಲೆ ಬರುವ ಇತ್ತೀಚಿನ ಆವೃತ್ತಿಗಳನ್ನು, ಕೊಳ್ಳಬಲ್ಲವರಿಗೆ ನಿಜವನ್ನು ಹೇಳಿ ಮಾರಿ ತಂದೆಯ ಸಾಲಕ್ಕೆ ಕೊಡಲಿ. ಮೊದಲ ವರ್ಷಕ್ಕೆ ಬೇಕಾದವು ಓಣಿಯ ಹುಡುಗಿಗೆ ಸಲ್ಲಲಿ. ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ನಾಲ್ಕು ದಾನಗಳಲ್ಲಿ ಔಷಧ ಮತ್ತು ಶಾಸ್ತ್ರ ಎರಡೂ ಕೂಡಿರುವ ದಾನ ಇಂಥದೇ.

ಪೆನ್ಸಿಲಿನ ಟಿಪ್ಪಣಿಗಳ ಮಾತೊಂದು ಉಳಿಯಿತು. ಅವನ್ನು ಬಿಡುವುದೇ ಅವಳಿಗೆ ಕಠಿಣ. ಉಪವಾಸದಲ್ಲಿ ಹಸಿವನ್ನು ಇಲ್ಲವೆನ್ನುವುದಿಲ್ಲ. ಹಸಿವಿದ್ದೂ ಕೈಯನ್ನು ತಡೆಯುವುದೇ ಅಲ್ಲಿಯ ಸಾಧನೆ. ಇಲ್ಲಿಯೂ ಮಮತೆಯನ್ನು ಇಲ್ಲವೆನ್ನಬೇಕಾಗಿಲ್ಲ. ಮಮತೆಯಿದ್ದೂ ಕೈಯನ್ನು ಸಡಿಲಿಸಿದರೆ ಸಾಕು. ಅವಳು ಕಲಿತದ್ದು ಅವಳ ಕೈಯಲ್ಲಿ, ಸೂಜಿ ಹಿಡಿಯುವ ಬೆರಳಿನಲ್ಲಿ, ನಾಡಿ ನೋಡುವ ಎಚ್ಚರದಲ್ಲಿ ಸೇರಿಹೋಗಿದೆ. ಅಂಚಿನಲ್ಲಿ ಬರೆದುದು ಇನ್ನು ಮುಂದಿನ ಓದುಗಳಿಗೆ ದಾರಿ ತೋರಿಸಲಿ. ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗದ ಮರುದಿನವೇ ಉತ್ತಮ ಆಕಿಂಚನ್ಯದ ದಿನ ಬರುತ್ತದೆ. ಕೊಡುವುದು ಮೊದಲು, ನನ್ನದೇನೂ ಇಲ್ಲವೆಂಬ ಅರಿವು ಅದರ ಹಿಂದೆಯೇ ಬರುವುದು. ಗೃಹಸ್ಥರು ತಮ್ಮ ತಮ್ಮ ಮನೆಯ ಮುಚ್ಚಿದ ಟ್ರಂಕನ್ನು ಈ ಕ್ರಮದಲ್ಲಿ ಒಮ್ಮೆ ತೆರೆದು ನೋಡುವುದು ಶ್ರೇಯಸ್ಕರ.