ಸಂಜೆ ಆರರ ಹಸಿವು: ರೈತನದೋ, ರಾಜನದೋ?

*ಇಂದಿನ ಧಮ್ಮ ಚಿಂತನೆ*



ಇವತ್ತು ಬರೆಯುವ ಸರದಿ ನನ್ನದು. ಹಿಂದಿನ ಎರಡು ಸರದಿಯನ್ನು ಪರೀಕ್ಷೆ, ಪೇಪರ್ ತಿದ್ದುವುದು ಎಂದು ನೆಪ ಹೇಳಿ ತಪ್ಪಿಸಿಕೊಂಡೆ. ಮೂರು ಹುಣ್ಣಿಮೆಯಿಂದ ವಿಹಾರಕ್ಕೂ ಬಂದಿಲ್ಲ. ಅಕ್ಕಂದಿರು ಫೋನ್ ಮಾಡಿ ವಿಚಾರಿಸಿದಾಗ ಮಂಡಿನೋವು ಎಂದೆ. ಮಂಡಿನೋವು ಹೋಗಿ ಒಂದು ವರ್ಷವಾಯಿತು.

ನಿಜ ಹೇಳಿಬಿಡುತ್ತೇನೆ. 16 ತಿಂಗಳ ಹಿಂದೆ ನನಗಾದದ್ದು ಗರ್ಭಕೋಶದ ಆಪರೇಷನ್ ಅಲ್ಲ, ತೂಕ ಇಳಿಸುವ ಆಪರೇಷನ್. ನಿಮ್ಮಲ್ಲಿ ಹಲವರಿಗೆ ಸುಳ್ಳು ಹೇಳಿದ್ದೆ. ನಾಲ್ಕನೆಯ ಶೀಲವನ್ನು ಪ್ರತಿ ಭಾನುವಾರ ಜೋರಾಗಿ ಹೇಳಿಕೊಡುವವಳೇ ನಾನು, ಆದ್ದರಿಂದ ಮೊದಲು ಕ್ಷಮೆ ಕೇಳುತ್ತೇನೆ.

ಆಗ ನನ್ನ ತೂಕ 118 ಕೆ.ಜಿ. ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತಿರಲಿಲ್ಲ. ಹತ್ತನೇ ತರಗತಿಯ ಮಕ್ಕಳ ಮುಂದೆ ಕುರ್ಚಿಯಲ್ಲಿ ಕೂತೇ ಪಾಠ ಮಾಡುತ್ತಿದ್ದೆ. ಕನ್ನಡ ಪಾಠವನ್ನು ಕೂತು ಮಾಡುವುದೆಂದರೆ ನನಗೆ ಕಟ್ಟಿಹಾಕಿದ ಹಾಗೆ. ವೈದ್ಯರು ಸ್ಲೀವ್ ಎಂಬ ಆಪರೇಷನ್ ಹೇಳಿದರು. ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ತೆಗೆದು, ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಸಣ್ಣ ಚೀಲ ಮಾಡುತ್ತಾರೆ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಆ ತೆಗೆದ ಭಾಗದಲ್ಲೇ. ಹಾಗಾಗಿ ಮೊದಲ ತಿಂಗಳುಗಳಲ್ಲಿ ನನಗೆ ಹಸಿವೆಂಬುದೇ ಇರಲಿಲ್ಲ. ಗಡಿಯಾರ ನೋಡಿಕೊಂಡು ಉಣ್ಣುತ್ತಿದ್ದೆ. ಎಂಟು ತಿಂಗಳಲ್ಲಿ 84ಕ್ಕೆ ಇಳಿದೆ. ಆಗ ಇದೇ ಗುಂಪಿನಲ್ಲಿ ತಣ್ಹಾದ ಬಗ್ಗೆ ನಾನು ಬರೆದ ಚಿಂತನೆ ಕೆಲವರಿಗೆ ನೆನಪಿರಬಹುದು. ಆಸೆಯನ್ನು ಗೆಲ್ಲುವುದು ಕಷ್ಟವೇನಲ್ಲ ಎಂದು ದೊಡ್ಡದಾಗಿ ಬರೆದಿದ್ದೆ. ಗೆದ್ದದ್ದು ನಾನಲ್ಲ, ಸರ್ಜನ್ ಕೈಯ ಕತ್ತರಿ.

ಹತ್ತನೆಯ ತಿಂಗಳಿಗೆ ಹಸಿವು ವಾಪಸ್ ಬಂತು. ಬೆಳಿಗ್ಗೆ ಇಲ್ಲ, ಮಧ್ಯಾಹ್ನ ಇಲ್ಲ. ಸಂಜೆ ಮಾತ್ರ.

ಶಾಲೆ ಬಿಟ್ಟು, ಬಸ್ಸಿಳಿದು, ಮನೆಯ ಬಾಗಿಲು ತೆಗೆಯುವ ಹೊತ್ತಿಗೆ ಆರು ಗಂಟೆ. ಮಗಳು ಟ್ಯೂಷನ್ನಿಗೆ ಹೋಗಿರುತ್ತಾಳೆ, ಯಜಮಾನರು ಬರುವುದು ಎಂಟಕ್ಕೆ. ಚಪ್ಪಲಿ ಬಿಟ್ಟವಳೇ ಬ್ಯಾಗನ್ನೂ ಇಳಿಸದೆ ಅಡುಗೆಮನೆಯಲ್ಲಿ ನಿಂತು ಡಬ್ಬಿ ತೆಗೆಯುತ್ತಿದ್ದೆ. ಟೀಯಲ್ಲಿ ಅದ್ದಿದ ಬಿಸ್ಕತ್ತು, ಖಾರಾಬೂಂದಿ, ಮಗಳಿಗೆಂದು ತಂದಿಟ್ಟ ನಿಪ್ಪಟ್ಟು. ಕೂತು ಉಂಡರೆ ನಾಲ್ಕು ತುತ್ತಿಗೆ ಸಾಕೆನ್ನುವ ಹೊಟ್ಟೆ, ನಿಂತು ತಿಂದ ಬಿಸ್ಕತ್ತಿಗೆ ಸಾಕೆನ್ನುವುದೇ ಇಲ್ಲ. ಟೀ ಜೊತೆ ಕರಗಿ ಜಾರಿಹೋಗುತ್ತದಲ್ಲ, ಚೀಲ ತುಂಬಿದ್ದು ಗೊತ್ತೇ ಆಗುವುದಿಲ್ಲ. ತೂಕ 88 ಆಯಿತು. ನಾಲ್ಕು ಕೆ.ಜಿ. ಏನು ಮಹಾ ಎನ್ನಬಹುದು. ಆದರೆ ಸಾಲ ಮಾಡಿ ಹೊಟ್ಟೆ ಕೊಯ್ಯಿಸಿಕೊಂಡವಳಿಗೆ ತೂಕದ ಯಂತ್ರದ ಮೇಲೆ ನಿಲ್ಲುವುದೇ ಭಯವಾಯಿತು. ಆಸ್ಪತ್ರೆಯ ತಪಾಸಣೆಗೆ ಹೋಗುವುದನ್ನು ಬಿಟ್ಟೆ. ಡಯಟಿಷಿಯನ್ ಫೋನ್ ಮಾಡಿದರೆ ಎತ್ತಲಿಲ್ಲ.

ಅವ್ವನಿಗೆ ಈ ಆಪರೇಷನ್ನೇ ಅರ್ಥವಾಗಿಲ್ಲ. ಊರಿಂದ ಬಂದಾಗ ನನ್ನ ತಟ್ಟೆ ನೋಡಿ ಅವಳು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಉಣ್ಣಕ್ಕಿಲ್ದೆ ಸತ್ತೋರ ಕಂಡಿವ್ನಿ ಕನವ್ವ. ಉಣ್ಣಬಾರ್ದು ಅಂತ ಹೊಟ್ಟೆ ಕುಯ್ಸಕಂಡೋರ ಈಗ್ಲೆ ನೋಡ್ತಿರೋದು." ಮೇಲಾಗಿ ನಾನು ಮುದ್ದೆಯನ್ನು ಅಗಿದು ತಿನ್ನುತ್ತೇನೆ. ಆಪರೇಷನ್ ಆದವರು ಏನನ್ನೂ ಹಾಗೇ ನುಂಗುವಂತಿಲ್ಲ. ಮುದ್ದೆ ಅಗಿಯುವುದೆಂದರೆ ನಮ್ಮ ಕಡೆ ಏನೆಂದು ನಿಮಗೆಲ್ಲ ಗೊತ್ತು. ಅವ್ವ ನಗಲೂ ಇಲ್ಲ, ಮುಖ ತಿರುಗಿಸಿದಳು.

ಅವಳನ್ನು ಬೈಯಲಾರೆ. ನಮ್ಮ ಕೇರಿಯಲ್ಲಿ ಒಲೆ ಉರಿಯುತ್ತಿದ್ದದ್ದು ಸಂಜೆಯೇ. ಕೂಲಿ ಮುಗಿಸಿ, ಕೂಲಿಯ ಕಾಳೋ ಕಾಸೋ ಕೈಗೆ ಬಂದ ಮೇಲೆ ಅವ್ವ ಹಿಟ್ಟು ತರುತ್ತಿದ್ದಳು. ನಾನು ಓದುವಾಗ ನಮ್ಮೂರ ಶಾಲೆಯಲ್ಲಿ ಬಿಸಿಯೂಟವಿರಲಿಲ್ಲ. ಬೆಳಿಗ್ಗೆ ತಂಗಳು ಉಂಡು ಹೋದರೆ ಮತ್ತೆ ಅನ್ನ ಕಾಣುವುದು ದೀಪ ಹಚ್ಚಿದ ಮೇಲೆ. ಪಕ್ಕದ ಗುಡಿಸಲಿನ ಹೊಗೆ ಮೇಲೆದ್ದು ನಮ್ಮದು ಇನ್ನೂ ಏಳದಿದ್ದಾಗ ಆಗುತ್ತಿದ್ದ ಸಂಕಟ ಇದೆಯಲ್ಲ, ಆರು ಗಂಟೆಗೆ ನನ್ನ ಮೈಯಲ್ಲಿ ಏಳುವುದು ಅದೇ ಸಂಕಟ. ಬಾಬಾಸಾಹೇಬರು ತಮ್ಮ ಆತ್ಮಕಥನದ ಬರಹದಲ್ಲಿ 1901ರ ಪ್ರಯಾಣವನ್ನು ಹೇಳಿಕೊಂಡಿದ್ದಾರೆ. ತಂದೆಯನ್ನು ನೋಡಲು ಕೋರೆಗಾಂವ್‌ಗೆ ಗಾಡಿಯಲ್ಲಿ ಹೊರಟ ಮಕ್ಕಳ ಬುಟ್ಟಿಯಲ್ಲಿ ಊಟ ತುಂಬಿತ್ತು. ಆದರೆ ಅಸ್ಪೃಶ್ಯರಿಗೆ ನೀರು ಕೊಡುವವರಿಲ್ಲದೆ, ಅನ್ನ ಎದುರಿಗಿದ್ದೂ ಹಸಿದೇ ಮಲಗಿದರು. ರಾತ್ರಿಯ ಹಸಿವು ನಮಗೆ ಬರೀ ಹೊಟ್ಟೆಯ ವಿಷಯವಾಗಿರಲಿಲ್ಲ.

ಇಷ್ಟು ಬರೆದು ನನಗೇ ಅನುಮಾನ ಬಂತು. ಜಾತಿಯ ಕಥೆಯನ್ನು ನಿಪ್ಪಟ್ಟಿಗೆ ನೆಪ ಮಾಡಿಕೊಳ್ಳುತ್ತಿದ್ದೇನೆಯೇ ಎಂದು. ಸ್ವಲ್ಪ ಹೌದು.

ವಿಹಾರ ಬಿಟ್ಟದ್ದಕ್ಕೆ ಕಾರಣ ಅಷ್ಟಶೀಲ. ಹುಣ್ಣಿಮೆಯ ದಿನ ನೀವೆಲ್ಲ ಮಧ್ಯಾಹ್ನದ ಮೇಲೆ ಊಟ ಬಿಟ್ಟು ಕೂರುತ್ತೀರಿ. ನನಗೆ ದಿನಕ್ಕೆ ಐದು ಸಲ ಸ್ವಲ್ಪಸ್ವಲ್ಪ ತಿನ್ನಲು ಹೇಳಿದ್ದಾರೆ. ಬ್ಯಾಗಿನಲ್ಲಿ ಡಬ್ಬಿ ಬಚ್ಚಿಟ್ಟುಕೊಂಡು ಬಂದು, ಹಿಂಬದಿಯ ನಲ್ಲಿಯ ಹತ್ತಿರ ಕದ್ದು ತಿಂದೆ. ಒಬ್ಬರು ನೋಡಿದರು. ಏನೂ ಅನ್ನಲಿಲ್ಲ, ಆದರೂ ನಾನು ಮತ್ತೆ ಬರಲಿಲ್ಲ.

ಕೊನೆಗೆ ಭಂತೇಜಿಯೇ ಫೋನ್ ಮಾಡಿದರು. ಅವರಿಗೆ ಸುಳ್ಳು ಹೇಳಲಾಗಲಿಲ್ಲ. ಎಲ್ಲ ಕೇಳಿಸಿಕೊಂಡು ಅವರು ಮೊದಲು ಹೇಳಿದ್ದು, ಕಾಯಿಲೆಯವರಿಗೆ ಹೊತ್ತು ಮೀರಿದ ಮೇಲೂ ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲವನ್ನು ಔಷಧಿಯಾಗಿ ಕೊಡಲು ಭಿಕ್ಖುಗಳ ವಿನಯದಲ್ಲೇ ಅವಕಾಶವಿದೆ, ಇನ್ನು ಗೃಹಸ್ಥೆಯಾದ ನಿಮಗೇನು ಭಯ ಎಂದು. (ನನಗೆ ಬೆಲ್ಲ, ಜೇನು ಆಗುವುದಿಲ್ಲ ಎಂದೆ. ನಕ್ಕರು.) ಆಮೇಲೆ ಎರಡು ಕಥೆ ನೆನಪಿಸಿದರು. ಎರಡೂ ನನಗೆ ಗೊತ್ತಿದ್ದವೇ. ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಒಂದು, ಧಮ್ಮಪದದ ಅಟ್ಟಕಥೆಯಲ್ಲಿ ಬರುವ ಆಳವಿಯ ಬಡ ರೈತನದು. ಬುದ್ಧರು ಅವನಿಗಾಗಿಯೇ ಆ ಊರಿಗೆ ಬಂದಿದ್ದರು. ಅವತ್ತೇ ಅವನ ಎತ್ತು ತಪ್ಪಿಸಿಕೊಂಡಿತು. ಹುಡುಕಿ, ದಣಿದು, ಹಸಿದು ಬರುವವರೆಗೂ ಬುದ್ಧರು ಮಾತಾಡದೆ ಕಾದರು. ಅವನು ಬಂದ ಕೂಡಲೇ ಉಪದೇಶ ಮಾಡಲಿಲ್ಲ. ಉಳಿದ ಊಟ ಇದೆಯೇ ಎಂದು ಕೇಳಿ, ಅವನಿಗೆ ಬಡಿಸಲು ಹೇಳಿ, ಅವನು ಉಂಡ ಮೇಲೆ ಧಮ್ಮ ಹೇಳಿದರು. ಭಿಕ್ಖುಗಳು ಗೊಣಗಿದಾಗ, ಹಸಿದವನಿಗೆ ಯಾವ ಮಾತೂ ತಲೆಗೆ ಹೋಗುವುದಿಲ್ಲ ಎಂದು ತಿಳಿಸಿದರು.

ಇನ್ನೊಂದು ಸಂಯುತ್ತ ನಿಕಾಯದ ಪಸೇನದಿ ರಾಜನದು. ದ್ರೋಣದಳತೆಯ ಅನ್ನ ಉಂಡು, ಏದುಸಿರು ಬಿಡುತ್ತಾ ಬುದ್ಧರ ಬಳಿ ಬಂದು ಕೂತ ಕೋಸಲದ ದೊರೆ. ಬುದ್ಧರು ಅವನನ್ನು ಹಂಗಿಸಲಿಲ್ಲ. ಊಟದ ಅಳತೆ ತಿಳಿದು ಎಚ್ಚರದಿಂದ ಉಣ್ಣುವ ಬಗ್ಗೆ ಒಂದು ಸಣ್ಣ ಗಾಥೆ ಹೇಳಿದರು. ರಾಜ ತನ್ನ ಹಿಂದೆ ನಿಂತಿದ್ದ ಸುದಸ್ಸನ ಎಂಬ ಹುಡುಗನಿಗೆ ಅದನ್ನು ಬಾಯಿಪಾಠ ಮಾಡಿಸಿ, ತನ್ನ ಊಟದ ಹೊತ್ತಿನಲ್ಲಿ ಹೇಳಬೇಕೆಂದ. ಅದಕ್ಕೆ ದಿನಕ್ಕೆ ನೂರು ಕಹಾಪಣ ಕೊಟ್ಟ. ಒಂದೇ ದಿನಕ್ಕೆ ಏನೂ ಆಗಲಿಲ್ಲ. ಬರಬರುತ್ತಾ ಅವನ ಊಟ ನಾಳಿಯಷ್ಟು ಅನ್ನಕ್ಕೆ ಇಳಿಯಿತು. ಮುಂದೊಂದು ದಿನ ತನ್ನ ಮೈ ತಡವಿಕೊಂಡು ಸಂತೋಷಪಟ್ಟನಂತೆ.

"ನಿಮ್ಮ ಸಂಜೆಯ ಹಸಿವು ಯಾರದಮ್ಮ? ರೈತನದೋ, ರಾಜನದೋ?" ಎಂದು ಕೇಳಿದರು ಭಂತೇಜಿ. ಇದಕ್ಕೆ ನಾನು ಉತ್ತರ ಕೊಡಲಾರೆ, ವೈದ್ಯರ ಹತ್ತಿರ ಮೊದಲು ಹೋಗಿ ಎಂದೂ ಹೇಳಿದರು.

ಹೋದೆ. ಡಯಟಿಷಿಯನ್ ಬೈಯುತ್ತಾರೆಂದು ಹೆದರಿದ್ದೆ. ಆಕೆ ನನ್ನ ಬೆಳಗಿನಿಂದ ಸಂಜೆಯವರೆಗಿನ ಊಟವನ್ನು ಬರೆಸಿಕೊಂಡರು. ಬೆಳಿಗ್ಗೆ ಆತುರದಲ್ಲಿ ಅರ್ಧ ಇಡ್ಲಿ, ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಮೂರು ಚಮಚ ಚಿತ್ರಾನ್ನ. ನನ್ನಂಥವರಿಗೆ ದಿನಕ್ಕೆ 60 ಗ್ರಾಂ ಆದರೂ ಪ್ರೋಟೀನ್ ಬೇಕು. ಅದರ ಅರ್ಧವೂ ಹೋಗುತ್ತಿರಲಿಲ್ಲ. ನೀರಂತೂ ಇಲ್ಲವೇ ಇಲ್ಲ. ಊಟದ ಜೊತೆ ಕುಡಿಯಬಾರದು, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಬೇಕು ಎಂದಿದ್ದರು. ನಾನು ಶಾಲೆಯಲ್ಲಿ ಪೂರ್ತಿ ಬಿಟ್ಟಿದ್ದೆ. ಶಾಲೆಯ ಟಾಯ್ಲೆಟ್ಟಿಗೆ ಹೋಗಬೇಕಾಗುತ್ತದೆಂದು ನೀರು ಕುಡಿಯದ ಟೀಚರುಗಳು ಈ ಗುಂಪಿನಲ್ಲೂ ಇದ್ದೀರಿ, ನಿಮಗೆ ವಿವರಿಸಬೇಕಿಲ್ಲ. ಬಾಯಾರಿಕೆಯೂ ಹಸಿವಿನ ವೇಷ ಹಾಕಿಕೊಂಡು ಬರುತ್ತದೆ ಎಂದರು ಆಕೆ. ರಕ್ತ ಪರೀಕ್ಷೆಯಲ್ಲಿ ಬಿ12, ಕಬ್ಬಿಣದಂಶ ಎರಡೂ ಕಡಿಮೆ. ಜೀವನಪೂರ್ತಿ ನುಂಗಬೇಕಾದ ಮಾತ್ರೆಗಳನ್ನು ತೂಕ ಇಳಿದ ಖುಷಿಯಲ್ಲಿ ಮರೆತಿದ್ದೆ.

ಅಂದರೆ ಆರು ಗಂಟೆಗೆ ನನ್ನ ಅಡುಗೆಮನೆಯಲ್ಲಿ ನಿಲ್ಲುತ್ತಿದ್ದವನು ಬಹುಮಟ್ಟಿಗೆ ರೈತನೇ. ಎತ್ತು ಹುಡುಕಿ ದಣಿದು ಬಂದವನು. ಅವನನ್ನು ಆರು ತಿಂಗಳು ನಾನು ರಾಜ ಎಂದುಕೊಂಡು ಹಂಗಿಸಿದ್ದೆ. ಹೊಟ್ಟೆಬಾಕಿ, ಮನಸ್ಸು ಗಟ್ಟಿ ಇಲ್ಲದವಳು, ಬುದ್ಧನ ದಾರಿಗೆ ಬಂದೂ ನಾಲಿಗೆ ಹಿಡಿಯಲಾರದವಳು ಎಂದೆಲ್ಲ ನನಗೆ ನಾನೇ ಅಂದುಕೊಂಡೆ. ನಮ್ಮವರನ್ನು ಹೊರಗಿನವರು ಅಂದ ಮಾತುಗಳೇ ಅವು, ಸ್ವಲ್ಪ ಬದಲಾಯಿಸಿ. ಬಾಬಾಸಾಹೇಬರ ಧಮ್ಮದಲ್ಲಿ ಹಸಿವು ಪಾಪವಲ್ಲ, ಹಸಿದವರನ್ನು ಹೀಗಳೆಯುವುದು ತಪ್ಪು. ಆ ಹಸಿದವಳು ನಾನೇ ಆದರೂ ತಪ್ಪು.

ಈಗ ನಾಲ್ಕು ಗಂಟೆಯ ಬೆಲ್ ಆದ ಮೇಲೆ, ಬಸ್ಸಿಗೆ ಹೋಗುವ ಮೊದಲು, ಸ್ಟಾಫ್ ರೂಮಿನಲ್ಲಿ ಕೂತು ಒಂದು ಬೇಯಿಸಿದ ಮೊಟ್ಟೆ ತಿನ್ನುತ್ತೇನೆ. ಕೆಲವು ದಿನ ಹುರುಳಿಕಾಳು ಉಸಲಿ. ಕೆಲವು ಸಹೋದ್ಯೋಗಿಗಳು ಮೊಟ್ಟೆಯ ವಾಸನೆಗೆ ಕಿಟಕಿ ತೆಗೆಯುತ್ತಾರೆ. ತೆಗೆಯಲಿ. ಮನೆಗೆ ಬಂದ ಮೇಲೂ ಏನಾದರೂ ಬೇಕೆನಿಸಿದರೆ ಮೊದಲು ನೀರು ಕುಡಿದು, ಸ್ವಲ್ಪ ಹೊತ್ತು ಕೂತು ಕೇಳಿಕೊಳ್ಳುತ್ತೇನೆ: ಒಂದು ಬಟ್ಟಲು ಸಪ್ಪೆ ಮೊಸರು ಕೊಟ್ಟರೆ ತಿನ್ನುತ್ತೀಯಾ? ಹೂಂ ಎಂದರೆ ರೈತ, ಬಡಿಸುತ್ತೇನೆ. ಮೊಸರು ಬೇಡ, ನಿಪ್ಪಟ್ಟೇ ಬೇಕು ಎಂದರೆ ರಾಜ ಬಂದಿದ್ದಾನೆ. ಆಗ ಹಸಿವಿನ ಹಿಂದೆ ಇನ್ನೇನೋ ಇರುತ್ತದೆ. ಹೆಡ್‌ಮಾಸ್ಟರರ ಮಾತೋ, ಖಾಲಿ ಮನೆಯೋ, ಆ ಹಳೆಯ ಹೊಗೆಯೋ. ವೇದನೆ ಎದ್ದಿದೆ, ತಣ್ಹಾ ಇನ್ನೂ ಡಬ್ಬಿಗೆ ಕೈ ಹಾಕಿಲ್ಲ. ಅವೆರಡರ ನಡುವೆ ಒಂದೆರಡು ನಿಮಿಷದ ಜಾಗ ಇರುತ್ತದೆ. ಆನಾಪಾನಕ್ಕೆ ಕೂರಲು ನನಗೆ ಸಿಕ್ಕಿರುವುದು ಅಷ್ಟೇ ಜಾಗ. ವಾರದಲ್ಲಿ ಎರಡು ದಿನ ರಾಜನೇ ಗೆಲ್ಲುತ್ತಾನೆ. ಗೆದ್ದ ದಿನ ಯಜಮಾನರಿಗೆ ಹೇಳಿಬಿಡುತ್ತೇನೆ. ಬಚ್ಚಿಟ್ಟರೆ ಮರುದಿನವೂ ಅವನೇ ಗೆಲ್ಲುತ್ತಾನೆ.

ಮಗಳಿಗೆ ಸುದಸ್ಸನನ ಕಥೆ ಹೇಳಿ, ರಾತ್ರಿ ಊಟದ ಹೊತ್ತಿನಲ್ಲಿ ನನಗೆ ನೆನಪಿಸು ಎಂದೆ. ರಾಜ ನೂರು ಕಹಾಪಣ ಕೊಟ್ಟಿದ್ದನ್ನು ಅವಳು ಸರಿಯಾಗಿ ಹಿಡಿದುಕೊಂಡಳು. ಹತ್ತು ರೂಪಾಯಿಗೆ ಒಪ್ಪಿದ್ದಾಳೆ. "ಅಮ್ಮಾ, ಅಳತೆ" ಎನ್ನುತ್ತಾಳೆ, ಅಷ್ಟೇ. ಮೊದಲ ವಾರ ಸಿಟ್ಟು ಬರುತ್ತಿತ್ತು.

ಅವ್ವ ಕಳೆದ ವಾರ ಮತ್ತೆ ಬಂದಿದ್ದಳು. ಮುದ್ದೆ ಕಟ್ಟುವಾಗ ನನ್ನದನ್ನು ನಿಂಬೆಹಣ್ಣಿನಷ್ಟು ಕಟ್ಟಿ, ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ತಟ್ಟೆಗೆ ಹಾಕಿ, ಪಕ್ಕದಲ್ಲಿ ಎರಡು ತುಂಡು ಬಾಡು ಜಾಸ್ತಿ ಇಟ್ಟಳು. ಪ್ರೋಟೀನ್ ಎಂಬ ಮಾತು ಅವಳಿಗೆ ಮೊಮ್ಮಗಳು ಹೇಳಿಕೊಟ್ಟಿದ್ದಾಳೆ. ನಾನು ಅಗಿದು ತಿಂದೆ. ಈ ಸಲ ಮುಖ ತಿರುಗಿಸಲಿಲ್ಲ.

ತೂಕ 87. ಇಳಿಯುತ್ತದೋ ಇಲ್ಲವೋ ನೋಡಬೇಕು. ಮುಂದಿನ ತಪಾಸಣೆ ಬರೆದಿಟ್ಟುಕೊಂಡಿದ್ದೇನೆ.

ಬರುವ ಹುಣ್ಣಿಮೆಗೆ ವಿಹಾರಕ್ಕೆ ಬರುತ್ತೇನೆ. ಅಷ್ಟಶೀಲ ತೆಗೆದುಕೊಳ್ಳುವುದಿಲ್ಲ, ಪಂಚಶೀಲ ಹೇಳುತ್ತೇನೆ. ಸಂಜೆ ನೀವೆಲ್ಲ ಕೂತಿರುವಾಗ ನಾನು ನಿಮ್ಮ ಜೊತೆಯಲ್ಲೇ ಕೂತು ಡಬ್ಬಿ ತೆಗೆಯುತ್ತೇನೆ, ನಲ್ಲಿಯ ಹತ್ತಿರ ಹೋಗುವುದಿಲ್ಲ. ಗುಂಪಿನಲ್ಲಿ ಇನ್ನು ಯಾರಾದರೂ ಈ ಆಪರೇಷನ್ ಮಾಡಿಸಿಕೊಂಡು ಬೇರೆ ಹೆಸರು ಹೇಳುತ್ತಿದ್ದರೆ, ನನಗೆ ಪ್ರತ್ಯೇಕವಾಗಿ ಮೆಸೇಜ್ ಮಾಡಿ. ಆರು ಗಂಟೆಗೆ ಮಾಡಿದರೂ ಪರವಾಗಿಲ್ಲ, ಆ ಹೊತ್ತಿನಲ್ಲಿ ನನ್ನ ಕೈ ಡಬ್ಬಿಯ ಬದಲು ಫೋನಿನ ಮೇಲಿದ್ದರೆ ನನಗೂ ಒಳ್ಳೆಯದೇ.

ಜೈಭೀಮ್. ನಮೋ ಬುದ್ಧಾಯ. 🙏